ಮಗುವಿನ ನೋವು, ಮನೆಯವರ ಪ್ರಶ್ನೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಗುಣವಾಗುವುದು ಕಷ್ಟ ಎನ್ನುವಂಥ ಕಾಯಿಲೆ ಇರುವ ಮಕ್ಕಳ ಅಪ್ಪ, ಅಮ್ಮ, ಅಜ್ಜಿ, ಒಬ್ಬರು ಶಾಲೆಯ ಟೀಚರ್ ಕೂಡ ಬರೆದಿದ್ದಾರೆ. ಎಲ್ಲರ ಹೆಸರು ತೆಗೆದಿದ್ದೇನೆ, ಜಿಲ್ಲೆ ಮಾತ್ರ ಉಳಿಸಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಔಷಧ ಎಷ್ಟು ಮಿಲಿ ಕೊಡಬೇಕು ಎಂದು ಕೇಳಿದವರಿಗೆ ಇಲ್ಲಿ ಉತ್ತರ ಸಿಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಮಗುವಿನ ತೂಕ ನೋಡಿ, ಮಗುವನ್ನೇ ನೋಡಿ ಹೇಳಬೇಕು.

ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ಒಮ್ಮೆ ವಾಸಿಯಾಗಿ ಮತ್ತೆ ಬಂದಿದೆ. ಕಿಮೋ ನಡೀತಾ ಇದೆ. ಹೋದ ವಾರ ಡಾಕ್ಟರು "ಪ್ಯಾಲಿಯೇಟಿವ್ ಕೇರ್‌ನವರನ್ನೂ ಒಮ್ಮೆ ನೋಡಿ" ಎಂದು ಚೀಟಿ ಬರೆದುಕೊಟ್ಟರು. ಮೊಬೈಲಲ್ಲಿ ಹುಡುಕಿ ನೋಡಿದ ಮೇಲೆ ನಮ್ಮ ಕೈಕಾಲು ತಣ್ಣಗಾಗಿದೆ. ಇನ್ನೇನೂ ಉಳಿದಿಲ್ಲ ಅಂತಲಾ? ಹೋಗದೆ ಇದ್ದರೆ ಏನಾಗುತ್ತದೆ? – ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಹೋಗಿ. ಈ ವಾರವೇ ಹೋಗಿ. ಕಿಮೋ ನಿಲ್ಲುವುದಿಲ್ಲ, ನಿಮ್ಮ ಕ್ಯಾನ್ಸರ್ ಡಾಕ್ಟರು ಬದಲಾಗುವುದಿಲ್ಲ. ಕಾಯಿಲೆಯ ಜೊತೆ ಹೋರಾಡುವವರು ಒಬ್ಬರು, ಆ ಹೋರಾಟದಲ್ಲಿ ಮಗುವಿಗೆ ಆಗುವ ನೋವು, ವಾಂತಿ, ಬಾಯಿಹುಣ್ಣು, ನಿದ್ದೆ ಬಾರದಿರುವುದು, ಸೂಜಿ ಕಂಡರೆ ಹೆದರಿ ನಡುಗುವುದು, ನಿಮಗೆ ಊಟ ಸೇರದಿರುವುದು ಇದನ್ನೆಲ್ಲ ನೋಡಿಕೊಳ್ಳುವವರು ಇನ್ನೊಬ್ಬರು, ಅವರೇ ಪ್ಯಾಲಿಯೇಟಿವ್ ಕೇರ್‌ನವರು. ಇಬ್ಬರೂ ಒಟ್ಟಿಗೇ ಇರಬಹುದು. ಇರಲೇಬೇಕು ಎನ್ನುವುದು ನನ್ನ ಮಾತು.

ಇದು ನಾನು ಸಮಾಧಾನಕ್ಕೆ ಹೇಳುತ್ತಿರುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಮಕ್ಕಳ ಪ್ಯಾಲಿಯೇಟಿವ್ ಕೇರ್ ಅಂದರೆ ಏನು ಎಂದು ಬರೆದಿಟ್ಟಿದೆ. ಕಾಯಿಲೆ ಗೊತ್ತಾದ ದಿನದಿಂದಲೇ ಇದು ಶುರುವಾಗಬೇಕು, ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿರಲಿ ಬಿಡಲಿ ಮುಂದುವರಿಯಬೇಕು, ಮಗುವಿನ ದೇಹ ಮಾತ್ರವಲ್ಲ, ಮನಸ್ಸು ಮತ್ತು ಮನೆಯವರು ಎಲ್ಲರೂ ಇದರಲ್ಲಿ ಸೇರಬೇಕು ಎಂದು. ನಮ್ಮಲ್ಲಿ ಆಗುತ್ತಿರುವುದು ಉಲ್ಟಾ. ಎಲ್ಲ ಮುಗಿದ ಮೇಲೆ, ಕೊನೆಯ ವಾರದಲ್ಲಿ, ಒಂದು ಚೀಟಿ ಹಿಡಿಸಿ ಕಳಿಸುತ್ತಾರೆ. ಅದಕ್ಕೇ ಜನ ಆ ಹೆಸರು ಕೇಳಿದರೆ ಸಾವು ಅಂದುಕೊಳ್ಳುತ್ತಾರೆ. ತಪ್ಪು ಜನರದ್ದಲ್ಲ. ನಿಮ್ಮ ಡಾಕ್ಟರು ಚಿಕಿತ್ಸೆಯ ಮಧ್ಯದಲ್ಲೇ ಚೀಟಿ ಬರೆದಿದ್ದಾರೆ ಅಂದರೆ ಅವರು ಒಳ್ಳೆಯ ಡಾಕ್ಟರು.

ಇನ್ನೊಂದು ವಿಷಯ. 2010ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮುಂದುವರಿದಿದ್ದ ದೊಡ್ಡವರನ್ನು ಎರಡು ಗುಂಪು ಮಾಡಿ ನೋಡಿದರು. ಮೊದಲಿನಿಂದಲೇ ಪ್ಯಾಲಿಯೇಟಿವ್ ಕೇರ್ ಸಿಕ್ಕವರು ಸುಮಾರು ಹನ್ನೊಂದೂವರೆ ತಿಂಗಳು ಬದುಕಿದರು, ಸಿಗದವರು ಒಂಬತ್ತು ತಿಂಗಳಿನ ಹತ್ತಿರ. ಅದು ಮಕ್ಕಳ ಲೆಕ್ಕ ಅಲ್ಲ, ನಿಮ್ಮ ಮಗಳ ಕಾಯಿಲೆಯೂ ಅಲ್ಲ. ಆದರೆ "ಅಲ್ಲಿಗೆ ಹೋದರೆ ಬೇಗ ಹೋಗ್ತಾರೆ" ಎಂದು ಯಾರಾದರೂ ನಿಮ್ಮ ಕಿವಿ ಊದಿದರೆ ಹೇಳಲು ಇರಲಿ.

ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ಮಗಳಿಗೆ ಯಾವ ಹೊತ್ತಿನಲ್ಲಿ ಯಾವ ತೊಂದರೆ ಜಾಸ್ತಿ ಎಂದು ಬರೆದುಕೊಂಡು ಹೋಗಿ. ಮುಂದೇನಾಗಬಹುದು ಎಂದು ಕೇಳುವ ಧೈರ್ಯ ಇವತ್ತಿಲ್ಲದಿದ್ದರೆ ಕೇಳಬೇಡಿ. "ಇವತ್ತು ಬೇಡ, ನಾವೇ ಕೇಳ್ತೀವಿ" ಎಂದು ನೇರವಾಗಿ ಹೇಳಬಹುದು. ಒಳ್ಳೆಯ ತಂಡ ಅದನ್ನು ಒಪ್ಪಿಕೊಳ್ಳುತ್ತದೆ.

ಹನ್ನೊಂದು ವರ್ಷದ ಮಗನಿಗೆ ಮೂಳೆ ಕ್ಯಾನ್ಸರ್. ರಾತ್ರಿಯೆಲ್ಲ ನರಳುತ್ತಾನೆ. ಡಾಕ್ಟರು ಮಾರ್ಫಿನ್ ಬರೆದಿದ್ದಾರೆ. ನಮ್ಮೂರ ಮೆಡಿಕಲ್ ಸ್ಟೋರಿನವನು ಚೀಟಿ ನೋಡಿ "ಇದು ಅಫೀಮು, ಮಗುವಿಗೆ ಕೊಡ್ತೀರಾ?" ಅಂದ. ನನ್ನ ಅಣ್ಣ "ಚಟ ಹತ್ತುತ್ತದೆ, ಉಸಿರು ನಿಲ್ಲುತ್ತದೆ, ಕೊನೆಗೆ ಇಟ್ಟುಕೋ" ಅನ್ನುತ್ತಾನೆ. ಏನು ಮಾಡಲಿ? – ತಂದೆ, ಹಾಸನ ಜಿಲ್ಲೆ

ಕೊಡಿ ಸ್ವಾಮಿ. ಇವತ್ತು ರಾತ್ರಿ ಅವನು ಮಲಗಲಿ.

ನಿಮ್ಮ ಅಣ್ಣನ ಭಯ ಸುಳ್ಳಲ್ಲ, ಆದರೆ ಅದು ಬೇರೆ ಜಾಗದ ಭಯ. ನೋವಿಲ್ಲದವರು ಮತ್ತಿಗಾಗಿ ತೆಗೆದುಕೊಂಡರೆ ಚಟ ಹತ್ತುತ್ತದೆ. ಕ್ಯಾನ್ಸರ್ ನೋವಿಗೆ ಡಾಕ್ಟರು ಅಳತೆ ನೋಡಿ ಕೊಡುವ ಮಾರ್ಫಿನ್‌ನಿಂದ ಮಕ್ಕಳು ವ್ಯಸನಿಗಳಾಗುವುದು ತೀರಾ ಅಪರೂಪ. ದೇಹ ಆ ಔಷಧಕ್ಕೆ ಒಗ್ಗಿಕೊಳ್ಳುತ್ತದೆ, ಅದು ನಿಜ. ಅದಕ್ಕೇ ಒಮ್ಮೆಲೇ ನಿಲ್ಲಿಸಬಾರದು, ನೋವು ಕಡಿಮೆಯಾದರೆ ಡಾಕ್ಟರು ಮೆಲ್ಲಗೆ ಇಳಿಸುತ್ತಾರೆ. ಉಸಿರಿನ ವಿಷಯವೂ ಅಷ್ಟೆ. ಕಡಿಮೆ ಪ್ರಮಾಣದಿಂದ ಶುರುಮಾಡಿ ನೋವು ನೋಡಿಕೊಂಡು ಏರಿಸಿದಾಗ ಉಸಿರು ನಿಲ್ಲುವ ಮಟ್ಟಕ್ಕೆ ಹೋಗುವುದು ವಿರಳ. ಆದರೂ ಗೊತ್ತಿರಲಿ: ಮಗ ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿದ್ದರೆ, ಉಸಿರು ತುಂಬಾ ನಿಧಾನವಾದರೆ ಮುಂದಿನ ಡೋಸ್ ಕೊಡದೆ ಕೂಡಲೇ ಫೋನ್ ಮಾಡಬೇಕು.

"ಕೊನೆಗೆ ಇಟ್ಟುಕೋ" ಎನ್ನುವ ಮಾತನ್ನಂತೂ ಕೇಳಲೇಬೇಡಿ. ಈಗ ಕೊಟ್ಟರೆ ಮುಂದೆ ಕೆಲಸ ಮಾಡುವುದಿಲ್ಲ ಎನ್ನುವುದು ಸುಳ್ಳು. ನೋವು ಏರಿದರೆ ಪ್ರಮಾಣ ಏರಿಸಲು ಜಾಗ ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಮಕ್ಕಳ ನೋವಿಗೆ ಎರಡೇ ಮೆಟ್ಟಿಲು ಸಾಕು ಎಂದಿತು. ಸಣ್ಣ ನೋವಿಗೆ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್, ಅದಕ್ಕಿಂತ ಜಾಸ್ತಿಗೆ ಮಾರ್ಫಿನ್ ಥರದ್ದು. ಮಧ್ಯದಲ್ಲಿ ದೊಡ್ಡವರಿಗೆ ಕೊಡುತ್ತಿದ್ದ ಕೋಡಿನ್ ಮಕ್ಕಳಿಗೆ ಬೇಡ ಎಂದು ಕೈಬಿಟ್ಟರು, ಒಂದೊಂದು ಮಗುವಿನ ದೇಹದಲ್ಲಿ ಅದು ಒಂದೊಂದು ಥರ ಕೆಲಸ ಮಾಡುತ್ತದೆ. (ಐಬುಪ್ರೊಫೆನ್ ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಕಿಮೋದಲ್ಲಿರುವ ಮಗುವಿಗೆ ರಕ್ತಸ್ರಾವದ ಅಪಾಯ ಇರುತ್ತದೆ.)

ಮನೆಯಲ್ಲಿ ಏನೇನು ನೆನಪಿಡಬೇಕು ಅಂದರೆ, ಮಾಮೂಲಿ ಮಾರ್ಫಿನ್ ನಾಲ್ಕು ಗಂಟೆ ಹೊತ್ತು ಕೆಲಸ ಮಾಡುತ್ತದೆ, ಹಾಗಾಗಿ ಗಡಿಯಾರ ನೋಡಿ ಕೊಡಬೇಕು, ಅಳುವವರೆಗೆ ಕಾಯಬಾರದು. ನೋವು ಏರಿದ ಮೇಲೆ ಇಳಿಸುವುದು ಕಷ್ಟ, ಏರದಂತೆ ನೋಡಿಕೊಳ್ಳುವುದು ಸುಲಭ. ಮೊದಲ ಎರಡು ಮೂರು ದಿನ ಜಾಸ್ತಿ ನಿದ್ದೆ ಮಾಡಬಹುದು, ಎಷ್ಟೋ ರಾತ್ರಿಯ ಬಾಕಿ ನಿದ್ದೆಯೂ ಅದರಲ್ಲಿ ಸೇರಿರುತ್ತದೆ. ವಾಕರಿಕೆ, ಮೈ ತುರಿಕೆ ಬರಬಹುದು, ಸಾಮಾನ್ಯವಾಗಿ ಹೋಗುತ್ತವೆ. ಹೋಗದೆ ಉಳಿಯುವುದು ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಔಷಧ ಬೇಕು. ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮಾರ್ಫಿನ್ ಕೊಟ್ಟು ಹೊಟ್ಟೆಗೆ ಔಷಧ ಬರೆಯದಿದ್ದರೆ ಅದು ಅರ್ಧ ಚೀಟಿ. ಹನ್ನೆರಡು ಗಂಟೆಗೊಮ್ಮೆ ಕೊಡುವ ನಿಧಾನದ ಮಾತ್ರೆ ಬರೆದಿದ್ದರೆ ಅದನ್ನು ಪುಡಿ ಮಾಡಿ ಕೊಡಬೇಡಿ, ಹನ್ನೆರಡು ಗಂಟೆಯ ಔಷಧ ಒಮ್ಮೆಲೇ ಒಳಗೆ ಹೋಗುತ್ತದೆ. ಬೀಗ ಹಾಕಿ ಇಡಿ. ಉಳಿದದ್ದನ್ನು ಆಸ್ಪತ್ರೆಗೆ ವಾಪಸ್ ಕೊಡಿ.

ಮೆಡಿಕಲ್ ಸ್ಟೋರಿನವನ ಮೇಲೂ ಸಿಟ್ಟಾಗಬೇಡಿ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸಿನ ಗೋಜಲು, ಜೈಲಿನ ಭಯ ಎಲ್ಲ ಸೇರಿ ಅಂಗಡಿಯವರು, ಆಸ್ಪತ್ರೆಯವರು ಮಾರ್ಫಿನ್ ಇಡುವುದನ್ನೇ ಬಿಟ್ಟರು. ಒಂದು ಇಡೀ ತಲೆಮಾರಿನ ಡಾಕ್ಟರುಗಳು ಅದನ್ನು ಕೈಯಲ್ಲಿ ಮುಟ್ಟದೆಯೇ ಓದು ಮುಗಿಸಿದರು. ನಮ್ಮ ದೇಶದಲ್ಲೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲಿ ಮಾರ್ಫಿನ್ ತೆಗೆಯುವ ಅಫೀಮು ಬೆಳೆಯುತ್ತಾರೆ, ನೀಮಚ್ ಮತ್ತು ಘಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆ ಇದೆ, ಹಾಸನದ ಹುಡುಗನಿಗೆ ಮಾತ್ರ ಸಿಗುವುದಿಲ್ಲ. ಸಂಕಟ ಆಗುವುದು ಇಂಥದ್ದಕ್ಕೆ. 2014ರಲ್ಲಿ ಕಾಯ್ದೆ ತಿದ್ದಿದರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಬೆನ್ನು ಬಿದ್ದು ಮಾಡಿಸಿದ ಕೆಲಸ ಅದು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಂಡು ಕೊಡಬಹುದು. ಹಾಗಾಗಿ ಊರಿನ ಅಂಗಡಿಗಳಲ್ಲಿ ಅಲೆಯಬೇಡಿ, ಬರೆದುಕೊಟ್ಟ ಆಸ್ಪತ್ರೆಯಿಂದಲೇ ಮುಂದಿನ ಭೇಟಿಯವರೆಗೆ ಸಾಲುವಷ್ಟು ಕೇಳಿ ತನ್ನಿ.

ನನ್ನ ಮೊಮ್ಮಗಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು). ಎಂಟು ವರ್ಷ, ಮಾತಿಲ್ಲ. ಈಚೆಗೆ ಸಂಜೆ ಹೊತ್ತು ವಿಪರೀತ ಅಳುತ್ತಾಳೆ. "ಆ ಮಕ್ಕಳು ಹಾಗೇ" ಅನ್ನುತ್ತಾರೆ. ನೋವಿದೆಯೋ ಇಲ್ಲವೋ ತಿಳಿಯುವುದು ಹೇಗೆ? – ಅಜ್ಜಿ, ಧಾರವಾಡ ಜಿಲ್ಲೆ

"ಆ ಮಕ್ಕಳು ಹಾಗೇ" ಎಂದವರ ಮಾತನ್ನು ಅಲ್ಲೇ ಬಿಟ್ಟುಬಿಡಿ. ಹೊಸದಾಗಿ ಶುರುವಾದ ಅಳುವಿಗೆ ಕಾರಣ ಇರುತ್ತದೆ.

ಮಾತಾಡದ ಮಕ್ಕಳ ನೋವನ್ನು ಅಳೆಯಲು ಡಾಕ್ಟರುಗಳು ಐದು ವಿಷಯ ನೋಡುತ್ತಾರೆ. ಮುಖ ಸಿಂಡರಿಸುತ್ತದೆಯೇ, ಕಾಲು ಒದರುತ್ತದೆಯೇ ಅಥವಾ ಮಡಚಿಕೊಳ್ಳುತ್ತದೆಯೇ, ಮೈ ಬಿಗಿಯಾಗಿದೆಯೇ ಅಥವಾ ಹೊರಳಾಡುತ್ತದೆಯೇ, ಅಳು ಹೇಗಿದೆ, ಎತ್ತಿಕೊಂಡರೆ ಸಮಾಧಾನ ಆಗುತ್ತದೆಯೇ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ನೀವೂ ಮಾಡಬಹುದು. ಆದರೆ ಅಜ್ಜಿಗೆ ಗೊತ್ತಿರುವುದು ಆ ಪಟ್ಟಿಗೆ ಗೊತ್ತಿಲ್ಲ. ನೋವಾದರೆ ನಗುವ ಮಕ್ಕಳೂ ಇದ್ದಾರೆ, ಸುಮ್ಮನಾಗಿಬಿಡುವವರೂ ಇದ್ದಾರೆ. ನಿಮ್ಮ ಮೊಮ್ಮಗಳು ಮಾಮೂಲಿ ದಿನ ಹೇಗಿರುತ್ತಾಳೆ, ಈಗ ಏನು ಬದಲಾಗಿದೆ ಎಂದು ಹೇಳಬಲ್ಲವರು ನೀವೇ. ಸಂಜೆಯ ಒಂದು ವಿಡಿಯೋ ಮಾಡಿಕೊಂಡು ಹೋಗಿ ತೋರಿಸಿ. ಡಾಕ್ಟರ ಮುಂದೆ ಅವಳು ಸುಮ್ಮನಿದ್ದುಬಿಟ್ಟರೆ ನಿಮ್ಮ ಮಾತು ನಂಬುವುದಿಲ್ಲ, ಹೌದಲ್ವಾ?

ಈ ಮಕ್ಕಳಲ್ಲಿ ನೋವಿನ ಮಾಮೂಲಿ ಜಾಗಗಳು ಇವೆ: ಗಟ್ಟಿಯಾದ ಮಲ, ಉಂಡದ್ದು ಹುಳಿಯಾಗಿ ಗಂಟಲಿಗೆ ಬರುವುದು, ಹುಳುಕು ಹಲ್ಲು, ಕಿವಿ, ಸ್ನಾಯು ಸೆಟೆದುಕೊಳ್ಳುವುದು, ಸೊಂಟದ ಕೀಲು ಜಾರಿರುವುದು. ಕೊನೆಯದನ್ನು ಎಷ್ಟೋ ಸಲ ಯಾರೂ ನೋಡಿರುವುದೇ ಇಲ್ಲ. ಬಟ್ಟೆ ಬದಲಿಸುವಾಗ ಕಾಲು ಅಗಲಿಸಿದರೆ ಅಳು ಜೋರಾಗುತ್ತದಾ ನೋಡಿ, ಆಗುವುದಾದರೆ ಎಕ್ಸ್‌ರೇ ಕೇಳಿ. ಉಣಿಸುವಾಗ ಕೆಮ್ಮು ಬಂದರೆ ಅದನ್ನೂ ಹೇಳಿ, ಅನ್ನ ಶ್ವಾಸಕೋಶಕ್ಕೆ ಹೋಗುತ್ತಿರಬಹುದು. ಮಲಗಿಸಿ ಉಣಿಸುವುದು ಬೇಡವೇ ಬೇಡ.

ಹೌದು, ಸೆರೆಬ್ರಲ್ ಪಾಲ್ಸಿಯ ಮಗುವಿಗೂ ಪ್ಯಾಲಿಯೇಟಿವ್ ಕೇರ್ ಇದೆ. ಇದು ಕ್ಯಾನ್ಸರ್‌ಗೆ ಮಾತ್ರ ಎನ್ನುವುದು ನಮ್ಮಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯು ಸವೆಯುತ್ತಾ ಹೋಗುವ ಕಾಯಿಲೆ), ಹೃದಯದ ಹುಟ್ಟು ದೋಷ, ಮೆಟಬಾಲಿಕ್ ಕಾಯಿಲೆ (ದೇಹ ಆಹಾರವನ್ನು ಸರಿಯಾಗಿ ಬಳಸಿಕೊಳ್ಳಲಾಗದ ಹುಟ್ಟು ಕಾಯಿಲೆ), ಕಿಡ್ನಿ ಕಾಯಿಲೆ ಇರುವ ಮಕ್ಕಳಿಗೂ ಬೇಕು, ಅವರಿಗೆ ವರ್ಷಗಟ್ಟಲೆ ಬೇಕು.

ಒಂಬತ್ತು ವರ್ಷದ ಮಗ. ಇನ್ನು ಕಿಮೋ ಬೇಡ ಎಂದು ಹೇಳಿಯಾಗಿದೆ. ಮನೆಯಲ್ಲಿ ಅವನ ಮುಂದೆ ಯಾರೂ ಬಾಯಿ ಬಿಡುವ ಹಾಗಿಲ್ಲ, ಮಾವನವರ ಆಜ್ಞೆ. ಮೊನ್ನೆ ತಲೆಗೆ ಎಣ್ಣೆ ಹಚ್ಚುವಾಗ "ಅಮ್ಮಾ, ನಾನು ಸಾಯ್ತೀನಾ?" ಅಂದ. "ಬಿಡ್ತು ಅನ್ನು, ಹಾಗೆಲ್ಲ ಮಾತಾಡಬಾರದು" ಅಂದುಬಿಟ್ಟೆ. ಆಮೇಲೆ ಅವನು ನನ್ನ ಜೊತೆ ಸರಿಯಾಗಿ ಮಾತೇ ಆಡ್ತಿಲ್ಲ. – ತಾಯಿ, ತುಮಕೂರು ಜಿಲ್ಲೆ

ನೀವು ಹಾಗೆ ಅಂದದ್ದು ಸಹಜ. ಆ ಕ್ಷಣಕ್ಕೆ ಯಾರ ಬಾಯಲ್ಲೂ ಬೇರೇನು ಬರುತ್ತದೆ ಹೇಳಿ. ಆದರೆ ಬಾಗಿಲು ಮುಚ್ಚಿಲ್ಲ, ಅವನು ಮತ್ತೆ ಕೇಳುತ್ತಾನೆ. ಅಥವಾ ನೀವೇ ಮತ್ತೆ ಎಣ್ಣೆ ಹಚ್ಚುವಾಗ "ಅವತ್ತು ನೀನು ಒಂದು ಮಾತು ಕೇಳಿದೆ, ನನಗೆ ಭಯ ಆಗಿ ಸರಿಯಾಗಿ ಹೇಳಲಿಲ್ಲ" ಎಂದು ಶುರು ಮಾಡಬಹುದು.

ಮಕ್ಕಳಿಗೆ ಗೊತ್ತಿರುತ್ತದೆ. 1970ರ ದಶಕದಲ್ಲಿ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎನ್ನುವ ಮಾನವಶಾಸ್ತ್ರಜ್ಞೆ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಮಕ್ಕಳ ಜೊತೆ ತಿಂಗಳುಗಟ್ಟಲೆ ಇದ್ದು ನೋಡಿದರು. ಯಾರೂ ಏನೂ ಹೇಳದಿದ್ದರೂ ಮಕ್ಕಳು ಎಲ್ಲ ತಿಳಿದುಕೊಂಡಿದ್ದರು, ಅಪ್ಪ ಅಮ್ಮನಿಗೆ ನೋವಾಗಬಾರದು ಎಂದು ಗೊತ್ತಿಲ್ಲದವರಂತೆ ಇದ್ದರು. ಮನೆಯವರೂ ನಾಟಕ, ಮಗುವೂ ನಾಟಕ. ನಿಮ್ಮ ಮಗ ಈಗ ಮಾತು ಬಿಟ್ಟಿರುವುದೂ ಅದೇ ಆಗಿರಬಹುದು.

ಸ್ವೀಡನ್‌ನಲ್ಲಿ ಕ್ಯಾನ್ಸರ್‌ನಿಂದ ಮಗುವನ್ನು ಕಳೆದುಕೊಂಡ ತಂದೆತಾಯಂದಿರನ್ನು ಕೇಳಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಗುವಿನ ಜೊತೆ ಸಾವಿನ ಬಗ್ಗೆ ಮಾತಾಡಿದ್ದವರು 147 ಮಂದಿ. ಅವರಲ್ಲಿ ಒಬ್ಬರೇ ಒಬ್ಬರೂ ಯಾಕಾದರೂ ಮಾತಾಡಿದೆನೋ ಅನ್ನಲಿಲ್ಲ. ಮಾತಾಡದ 258 ಮಂದಿಯಲ್ಲಿ 69 ಮಂದಿ ಮಾತಾಡಬೇಕಿತ್ತು ಎಂದು ಕೊರಗುತ್ತಿದ್ದರು. ನಿಮ್ಮ ಮಾವನವರಿಗೆ ಈ ಲೆಕ್ಕ ತೋರಿಸಿ. ಅವರ ಪ್ರೀತಿಯ ಮೇಲೆ ನನಗೆ ಅನುಮಾನ ಇಲ್ಲ, ಆದರೆ ಅವರ ಆಜ್ಞೆಯಿಂದ ಹುಡುಗ ಒಂಟಿಯಾಗಿದ್ದಾನೆ.

ಏನು ಹೇಳುವುದು? ಮೊದಲು ಹೇಳಬೇಡಿ, ಕೇಳಿ. "ಯಾಕೆ ಹಾಗನ್ನಿಸ್ತು ಮಗಾ?" ಎಂದು. ಎಷ್ಟೋ ಸಲ ಮಗುವಿನ ನಿಜವಾದ ಪ್ರಶ್ನೆ ನೀವಂದುಕೊಂಡದ್ದಲ್ಲ. ನೋವಾಗುತ್ತಾ, ಒಬ್ಬನೇ ಇರಬೇಕಾ, ನಾನು ಹೇಳಿದ ಮಾತು ಕೇಳದೆ ಇದ್ದದ್ದಕ್ಕೆ ಕಾಯಿಲೆ ಬಂತಾ, ನೀನು ಅಳ್ತೀಯಾ, ಇಂಥವು. ಇವಕ್ಕೆಲ್ಲ ನಿಮ್ಮ ಹತ್ತಿರ ಉತ್ತರ ಇದೆ. ನೋವಾಗದ ಹಾಗೆ ಔಷಧ ಇದೆ, ನಾನು ಪಕ್ಕದಲ್ಲೇ ಇರ್ತೀನಿ, ಇದು ನಿನ್ನಿಂದ ಬಂದದ್ದಲ್ಲ, ಹೌದು ಅಳ್ತೀನಿ, ಯಾಕಂದರೆ ನೀನಂದರೆ ನನಗೆ ಅಷ್ಟು ಇಷ್ಟ. ಅದೇ ಪ್ರಶ್ನೆ ಮತ್ತೆ ನೇರವಾಗಿ ಬಂದರೆ ಸುಳ್ಳು ಹೇಳಬೇಡಿ. "ಕಾಯಿಲೆ ತುಂಬಾ ಜೋರಾಗಿದೆ, ಔಷಧ ಅದನ್ನು ತಡೆಯೋಕಾಗ್ತಿಲ್ಲ" ಎನ್ನುವಷ್ಟು ಹೇಳಿ ನಿಲ್ಲಿಸಿ, ಅವನು ಮುಂದೆ ಏನು ಕೇಳುತ್ತಾನೆ ನೋಡಿ. ಕೇಳಿದಷ್ಟಕ್ಕೇ ಉತ್ತರ.

ಒಂಬತ್ತು ವರ್ಷಕ್ಕೆ ಮಕ್ಕಳಿಗೆ ಸಾವು ಅಂದರೆ ವಾಪಸ್ ಬರದಿರುವುದು ಎಂದು ಸಾಮಾನ್ಯವಾಗಿ ತಿಳಿದಿರುತ್ತದೆ. ಐದಕ್ಕಿಂತ ಚಿಕ್ಕವರಿಗೆ ಅದು ಅರ್ಥವಾಗುವುದಿಲ್ಲ, ಅವರಿಗೆ ಅಮ್ಮ ಬಿಟ್ಟು ಹೋಗುವುದೇ ದೊಡ್ಡ ಭಯ. "ನಿದ್ದೆ ಮಾಡ್ತೀಯ ಅಷ್ಟೆ" ಎಂದು ಯಾವ ವಯಸ್ಸಿನವರಿಗೂ ಹೇಳಬೇಡಿ, ಆಮೇಲೆ ಮಗು ಮಲಗಲೇ ಹೆದರುತ್ತದೆ. ದೇವರ ಮಾತು, ಅಜ್ಜನ ಹತ್ತಿರ ಹೋಗುವ ಮಾತು ನಿಮ್ಮ ಮನೆಯ ನಂಬಿಕೆಯಲ್ಲಿ ಇದ್ದರೆ ಧಾರಾಳವಾಗಿ ಹೇಳಿ.

ಚಿಕ್ಕ ಮಗಳ ಆಸ್ಪತ್ರೆ ಓಡಾಟದಲ್ಲಿ ದೊಡ್ಡವನು, ಏಳನೇ ಕ್ಲಾಸು, ತುಂಬಾ "ಒಳ್ಳೆಯ ಹುಡುಗ" ಆಗಿಬಿಟ್ಟಿದ್ದಾನೆ. ಏನೂ ಕೇಳುವುದಿಲ್ಲ, ಹಠ ಇಲ್ಲ. ಎಲ್ಲರೂ ಹೊಗಳುತ್ತಾರೆ. ನನಗೇಕೋ ಭಯ. – ತಂದೆ, ಉಡುಪಿ ಜಿಲ್ಲೆ

ನಿಮ್ಮ ಭಯ ಸರಿ. ಹನ್ನೆರಡು ವರ್ಷದ ಹುಡುಗ ಏನೂ ಕೇಳುತ್ತಿಲ್ಲ ಅಂದರೆ ಕೇಳಿ ಪ್ರಯೋಜನವಿಲ್ಲ ಎಂದು ಅವನಿಗೆ ಅನ್ನಿಸಿದೆ. ತಂಗಿಗೆ ಏನಾಗಿದೆ ಎಂದು ಕೂರಿಸಿ ಹೇಳಿ. ಅಂಟು ರೋಗ ಅಲ್ಲ, ಅವನು ಜಗಳ ಆಡಿದ್ದಕ್ಕೆ ಬಂದದ್ದಲ್ಲ ಎಂದು ಬಾಯಿಬಿಟ್ಟು ಹೇಳಿ, ಅವನು ಕೇಳದಿದ್ದರೂ. ವಾರಕ್ಕೊಮ್ಮೆ ಅವನ ಜೊತೆ ಮಾತ್ರ ಎಲ್ಲಾದರೂ ಹೋಗಿ, ಬೀಚಿಗೋ, ಕ್ರಿಕೆಟ್ ನೋಡಲಿಕ್ಕೋ. ಆಗ ಆಸ್ಪತ್ರೆ ಮಾತು ಬೇಡ. ಕ್ಲಾಸ್ ಟೀಚರ್‌ಗೆ ವಿಷಯ ತಿಳಿಸಿ. ತಂಗಿಯ ಆರೈಕೆಯಲ್ಲಿ ಅವನಿಗೂ ಒಂದು ಸಣ್ಣ ಕೆಲಸ ಕೊಡಿ, ಕತೆ ಓದುವುದು ಥರದ್ದು, ಆದರೆ ಅವನನ್ನು ಮನೆಯ ಮೂರನೇ ದೊಡ್ಡವರನ್ನಾಗಿ ಮಾಡಬೇಡಿ. ನಿದ್ದೆ, ಊಟ ಕೆಟ್ಟರೆ, ಬದುಕು ಬೇಡ ಎನ್ನುವ ಥರ ಮಾತು ಬಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನೀವೂ ಮಾಡಬಹುದು.

ಮಗು ಊಟ ಪೂರ್ತಿ ಬಿಟ್ಟಿದೆ. ಡ್ರಿಪ್ಸ್ ಹಾಕಿಸಿದರೆ ಶಕ್ತಿ ಬರುತ್ತದೆ ಎಂದು ನಮ್ಮ ಅತ್ತೆ ದಿನಾ ಜಗಳ. ಡಾಕ್ಟರು ಬೇಡ ಅಂತಾರೆ. ಉಪವಾಸ ಕೆಡವಿದ ಪಾಪ ನಮಗೆ ಬೇಕಾ? – ತಾಯಿ, ಕಲಬುರಗಿ ಜಿಲ್ಲೆ

ಪಾಪದ ಮಾತು ಬೇಡಮ್ಮ. ಕಾಯಿಲೆ ಕೊನೆಯ ಹಂತಕ್ಕೆ ಬಂದಾಗ ದೇಹಕ್ಕೆ ಅನ್ನವನ್ನು ಬಳಸಿಕೊಳ್ಳುವ ಶಕ್ತಿಯೇ ಇರುವುದಿಲ್ಲ, ಹಸಿವೂ ಹೋಗುತ್ತದೆ. ಊಟ ಬಿಟ್ಟದ್ದರಿಂದ ಕಾಯಿಲೆ ಏರಿದ್ದಲ್ಲ, ಕಾಯಿಲೆ ಏರಿದ್ದರಿಂದ ಊಟ ಬಿಟ್ಟದ್ದು. ಆ ಹೊತ್ತಿನಲ್ಲಿ ಡ್ರಿಪ್ಸ್ ಸುರಿದರೆ ನೀರು ಕಾಲಿಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಇಳಿದು ಉಸಿರಾಟ ಇನ್ನೂ ಕಷ್ಟ ಆಗಬಹುದು. ಬಾಯಿ ಒಣಗದಂತೆ ಒದ್ದೆ ಹತ್ತಿಯಲ್ಲಿ ಒರೆಸುತ್ತಾ ಇರಿ, ತುಟಿಗೆ ತುಪ್ಪ ಅಥವಾ ವ್ಯಾಸಲೀನ್ ಹಚ್ಚಿ. ಮಗು ಒಂದು ಚಮಚ ಐಸ್‌ಕ್ರೀಮ್ ಕೇಳಿದರೆ ಅಷ್ಟೇ ಕೊಡಿ, "ಇನ್ನೊಂದು ತುತ್ತು" ಎಂದು ಒತ್ತಾಯ ಬೇಡ. ಅತ್ತೆಗೆ ಆ ಒರೆಸುವ ಕೆಲಸ ವಹಿಸಿಬಿಡಿ. ಅವರಿಗೂ ಕೈಯಲ್ಲಿ ಏನಾದರೂ ಬೇಕಲ್ಲ.

ಕೊನೆಯ ಹಂತದಲ್ಲಿಲ್ಲದ ಮಗು ಊಟ ಬಿಟ್ಟರೆ ಅದು ಬೇರೆ ಮಾತು. ಬಾಯಿಹುಣ್ಣು, ಮಲಬದ್ಧತೆ, ವಾಕರಿಕೆ ಇವಕ್ಕೆ ಚಿಕಿತ್ಸೆ ಇದೆ. ಯಾವ ಹಂತ ಎಂದು ಡಾಕ್ಟರನ್ನು ಬಿಡಿಸಿ ಕೇಳಿ.

ಐಸಿಯುನಲ್ಲಿದ್ದೇವೆ. ವೆಂಟಿಲೇಟರ್ ಹಾಕಿದರೂ ಪ್ರಯೋಜನ ಕಡಿಮೆ ಎನ್ನುತ್ತಾರೆ. ಮನೆಗೆ ಕರೆದುಕೊಂಡು ಹೋಗೋಣ ಅಂದರೆ "ನಮ್ಮ ಸಲಹೆಗೆ ವಿರುದ್ಧ" ಎಂದು ಬರೆದು ಸಹಿ ಹಾಕಿ ಅಂತಾರೆ. ದಾರಿಯಲ್ಲೇ ಏನಾದರೂ ಆದರೆ? – ಚಿಕ್ಕಪ್ಪ, ಶಿವಮೊಗ್ಗ ಜಿಲ್ಲೆ

ನಮ್ಮ ಆಸ್ಪತ್ರೆಗಳ ಅತಿ ಕೆಟ್ಟ ಪದ್ಧತಿ ಇದು. ಸಹಿ ಹಾಕಿಸಿ, ಔಷಧ ಇಲ್ಲದೆ, ಫೋನ್ ನಂಬರ್ ಇಲ್ಲದೆ, ಆಂಬುಲೆನ್ಸ್‌ನಲ್ಲಿ ಕೂರಿಸಿ ಕಳಿಸುವುದು. ಮಗು ಉಸಿರಿಗೆ ಒದ್ದಾಡುತ್ತಾ ಮನೆ ಸೇರುತ್ತದೆ, ಮನೆಯವರು ಜೀವನವಿಡೀ ಆ ಸಹಿ ನೆನೆದು ಕೊರಗುತ್ತಾರೆ.

ನೀವು ಕೇಳಬೇಕಾದದ್ದು ಹೀಗೆ: "ವಿರುದ್ಧ ಬೇಡ, ನಿಮ್ಮ ಒಪ್ಪಿಗೆಯ ಡಿಸ್ಚಾರ್ಜ್ ಬೇಕು, ಮನೆಯಲ್ಲಿ ನೋಡಿಕೊಳ್ಳುವ ಔಷಧ ಬರೆದುಕೊಡಿ, ನಿಮ್ಮ ಪ್ಯಾಲಿಯೇಟಿವ್ ತಂಡ ಇದ್ದರೆ ಕರೆಸಿ." ಉಸಿರು ನಿಂತಾಗ ಎದೆ ಒತ್ತುವುದು, ನಳಿಕೆ ಹಾಕುವುದು ಬೇಡ ಎಂದು ಡಾಕ್ಟರು ಮತ್ತು ಮನೆಯವರು ಮಾತಾಡಿ ತೀರ್ಮಾನಿಸುವುದು ಹೇಗೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಮಕ್ಕಳ ಡಾಕ್ಟರುಗಳ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಕೊನೆಗಾಲದ ಆರೈಕೆಗೆ ಮಾರ್ಗಸೂಚಿ ಮಾಡಿದೆ. ಅದರ ಹೆಸರು ಎತ್ತಿ. ಎತ್ತಿದರೆ ಎದುರಿನವರ ದನಿ ಸ್ವಲ್ಪ ಬದಲಾಗುತ್ತದೆ.

ಹೊರಡುವ ಮುಂಚೆ ಕೈಯಲ್ಲಿ ಇರಬೇಕಾದವು: ನೋವಿಗೆ ಮತ್ತು ಉಸಿರುಗಟ್ಟುವುದಕ್ಕೆ ಔಷಧ (ಕಡಿಮೆ ಪ್ರಮಾಣದ ಮಾರ್ಫಿನ್ ಏದುಸಿರಿಗೂ ಕೆಲಸ ಮಾಡುತ್ತದೆ), ಫಿಟ್ಸ್ ಬರಬಹುದಾದರೆ ಅದರ ಔಷಧ, ಯಾವಾಗ ಏನು ಕೊಡಬೇಕೆಂದು ಕನ್ನಡದಲ್ಲಿ ಬರೆದ ಹಾಳೆ, ರಾತ್ರಿ ಎತ್ತುವ ಒಂದು ಫೋನ್ ನಂಬರ್. ಮನೆಯಲ್ಲಿ ತಲೆ ಎತ್ತರಿಸಿ ಮಲಗಿಸಿ, ಮುಖಕ್ಕೆ ಫ್ಯಾನ್ ಗಾಳಿ ಬರಲಿ. ಊರಿನ ಡಾಕ್ಟರಿಗೆ ಮೊದಲೇ ಹೇಳಿಟ್ಟಿರಿ. ಕಠಿಣ ಮಾತು, ಆದರೆ ಹೇಳಲೇಬೇಕು. ಮನೆಯಲ್ಲಿ ತೀರಿಕೊಂಡರೆ ನೋಡುತ್ತಿದ್ದ ಡಾಕ್ಟರು ಸಾವಿನ ಕಾರಣ ಬರೆದುಕೊಡುವ ಪತ್ರಕ್ಕೆ 4ಎ ನಮೂನೆ ಅಂತಾರೆ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಮನೆಗೆ ಬೇಡ, ಆಸ್ಪತ್ರೆಯಲ್ಲೇ ಇರೋಣ ಎನ್ನಿಸಿದರೆ ಅದೂ ತಪ್ಪಲ್ಲ. ಆಗ ಅಮ್ಮನನ್ನು ಒಳಗೆ ಕೂರಲು ಬಿಡಿ ಎಂದು ಹಟ ಹಿಡಿಯಿರಿ.

ಇಂಥ ಸೇವೆ ಎಲ್ಲಿ ಸಿಗುತ್ತದೆ, ಎಷ್ಟು ಖರ್ಚು? – ಹಲವರು

ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಇದೆ, ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲೂ ಇದೆ. ಮಾರತಹಳ್ಳಿ ಕಡೆ ಇರುವ ಕರುಣಾಶ್ರಯ 1999ರಿಂದ ಹಾಸ್ಪಿಸ್ (ಗುಣವಾಗದ ಕಾಯಿಲೆಯವರನ್ನು ಇಟ್ಟುಕೊಂಡು ಆರೈಕೆ ಮಾಡುವ ಜಾಗ) ನಡೆಸುತ್ತಿದೆ, ಪೂರ್ತಿ ಉಚಿತ, ಮನೆಗೂ ನರ್ಸ್ ಕಳಿಸುತ್ತಾರೆ. ನಿಮ್ಮ ಜಿಲ್ಲಾಸ್ಪತ್ರೆ, ಹತ್ತಿರದ ಮೆಡಿಕಲ್ ಕಾಲೇಜಿನಲ್ಲೂ ವಿಚಾರಿಸಿ. ಕೇಂದ್ರದ ಪ್ಯಾಲಿಯೇಟಿವ್ ಕಾರ್ಯಕ್ರಮ 2012ರಿಂದ ಕಾಗದದ ಮೇಲಿದೆ, ಕೆಲವು ಕಡೆ ನೆಲದ ಮೇಲೂ ಇದೆ. ಕೇರಳದಲ್ಲಿ ಪಂಚಾಯ್ತಿ ಮಟ್ಟಕ್ಕೆ ಇಳಿದಿದೆ, ಗಡಿ ಜಿಲ್ಲೆಯವರಿಗೆ ಗೊತ್ತಿರುತ್ತದೆ. ನಮ್ಮಲ್ಲಿ ದೊಡ್ಡ ಊರು ಬಿಟ್ಟು ಹೊರಟರೆ ಮಕ್ಕಳಿಗೆ ಅಂತ ಇರುವುದು ತೀರಾ ಕಮ್ಮಿ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ದೂರದವರು ಒಮ್ಮೆ ದೊಡ್ಡ ಕೇಂದ್ರಕ್ಕೆ ಹೋಗಿ ತೋರಿಸಿ, ಆಮೇಲೆ ಊರಿನ ಡಾಕ್ಟರ ಮೂಲಕ ಫೋನಿನಲ್ಲಿ ನಡೆಸಿಕೊಂಡು ಹೋಗಲು ಆಗುತ್ತದಾ ಕೇಳಿ.

ದುಡ್ಡಿನ ವಿಷಯ: ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್. ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಪತ್ರ ಬೇಕು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ ಎರಡೂ 2016ರ ಅಂಗವಿಕಲರ ಕಾಯ್ದೆಯಲ್ಲಿ ಬರುತ್ತವೆ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಮಾಡಿಸಿ. ಸೆರೆಬ್ರಲ್ ಪಾಲ್ಸಿಯವರಿಗೆ ನಿರಾಮಯ ಎನ್ನುವ ಸರ್ಕಾರಿ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ. ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ ಗೊತ್ತುಪಡಿಸಿದ ಕೇಂದ್ರಗಳಲ್ಲಿ 50 ಲಕ್ಷದವರೆಗೆ ನೆರವು ಇದೆ, ಬೆಂಗಳೂರಿನಲ್ಲೂ ಒಂದು ಕೇಂದ್ರ ಇದೆ. ಮನೆ ಜಮೀನು ಮಾರುವ ಮುಂಚೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಒಮ್ಮೆ ಕೇಳಿ. "ವಾಸಿ ಗ್ಯಾರಂಟಿ" ಎಂದು ಮುಂಗಡ ದುಡ್ಡು ಕೇಳುವವರು ಯಾರೇ ಆಗಿರಲಿ, ಯಾವ ಪದ್ಧತಿಯವರೇ ಆಗಿರಲಿ, ಎದ್ದು ಬನ್ನಿ.

ನಾವು ಇಂಗ್ಲೆಂಡಿನಲ್ಲಿದ್ದೇವೆ. ನಾಲ್ಕು ವರ್ಷದ ಮಗನಿಗೆ ಮೆಟಬಾಲಿಕ್ ಕಾಯಿಲೆ. ಇಲ್ಲಿನ ನರ್ಸ್ "ಮಗುವನ್ನು ಒಂದು ವಾರ ಚಿಲ್ಡ್ರನ್ಸ್ ಹಾಸ್ಪಿಸ್‌ಗೆ ಕರೆತನ್ನಿ, ನೀವು ನಿದ್ದೆ ಮಾಡಿ" ಎನ್ನುತ್ತಾರೆ. ಊರಲ್ಲಿ ಅಮ್ಮನಿಗೆ ಹೇಳಿದರೆ "ಆಶ್ರಮಕ್ಕೆ ಬಿಡ್ತೀಯಾ?" ಎಂದು ಅಳುತ್ತಾರೆ. – ತಾಯಿ, ಮ್ಯಾಂಚೆಸ್ಟರ್

ಹೋಗಿ ನಿದ್ದೆ ಮಾಡಿ! ಮಕ್ಕಳ ಹಾಸ್ಪಿಸ್ ಶುರುವಾದದ್ದೇ ಇದಕ್ಕಾಗಿ. 1982ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ ತೆರೆದ ಹೆಲೆನ್ ಹೌಸ್ ಜಗತ್ತಿನ ಮೊದಲ ಮಕ್ಕಳ ಹಾಸ್ಪಿಸ್. ಹೆಲೆನ್ ಎನ್ನುವ ಪುಟ್ಟ ಹುಡುಗಿಯ ಅಪ್ಪ ಅಮ್ಮ ಮನೆಯಲ್ಲಿ ಹಗಲು ರಾತ್ರಿ ನೋಡಿಕೊಂಡು ಬಸವಳಿದಿದ್ದರು, ಆಗಾಗ ಕೆಲವು ದಿನ ಅವಳನ್ನು ಆ ಸಿಸ್ಟರ್ ನೋಡಿಕೊಳ್ಳುತ್ತಿದ್ದರು. ಅದೇ ಬೆಳೆದು ಸಂಸ್ಥೆ ಆಯಿತು. ಬೇಕಾದರೆ ನೀವೂ ಅಲ್ಲೇ ಉಳಿಯಲು ಸಾಮಾನ್ಯವಾಗಿ ಜಾಗ ಇರುತ್ತದೆ, ಅಣ್ಣ ತಮ್ಮಂದಿರಿಗೂ ಆಟ ಇರುತ್ತದೆ. ಅಮ್ಮನಿಗೆ ಅಲ್ಲಿಂದಲೇ ಒಂದು ವಿಡಿಯೋ ಕಾಲ್ ಮಾಡಿ ಆಟದ ಕೋಣೆ ತೋರಿಸಿ. ನಮ್ಮಲ್ಲಿ ಇಂಥದ್ದು ಎಲ್ಲೆಡೆ ಇದ್ದಿದ್ದರೆ ಈ ಅಂಕಣದ ಅರ್ಧ ಪತ್ರ ಬರುತ್ತಿರಲಿಲ್ಲ.

ನಮ್ಮ ಶಾಲೆಯ ಒಬ್ಬ ಹುಡುಗಿಗೆ ಹೀಗಾಗಿದೆ. ಮನೆಗೆ ಹೋಗಬೇಕು ಅನ್ನಿಸುತ್ತದೆ, ಏನು ಮಾತಾಡುವುದು ಗೊತ್ತಾಗುವುದಿಲ್ಲ. – ಟೀಚರ್, ಕೊಪ್ಪಳ ಜಿಲ್ಲೆ

ಹೋಗಿ, ಮೊದಲು ಫೋನ್ ಮಾಡಿ ಕೇಳಿಕೊಂಡು. ನೆಗಡಿ ಕೆಮ್ಮು ಇದ್ದರೆ ಆ ದಿನ ಬೇಡ. "ಎಲ್ಲಾ ಒಳ್ಳೇದಾಗುತ್ತೆ", "ದೇವರಿದ್ದಾನೆ", "ನಮ್ಮ ಸಂಬಂಧಿಕರಲ್ಲಿ ಒಬ್ಬರಿಗೆ ಹೀಗೇ ಆಗಿ..." ಈ ಮೂರು ಬಿಟ್ಟು ಏನು ಬೇಕಾದರೂ ಮಾತಾಡಿ. ಹುಡುಗಿಯ ಜೊತೆ ಶಾಲೆಯ ಸುದ್ದಿ ಮಾತಾಡಿ, ಯಾರು ಯಾರ ಜೊತೆ ಠೂ ಬಿಟ್ಟಿದ್ದಾರೆ ಎನ್ನುವುದು ಅವಳಿಗೆ ಬೇಕು. ಹಾಜರಿ ಪುಸ್ತಕದಿಂದ ಹೆಸರು ತೆಗೆಯಬೇಡಿ. ಬರಲು ಆಗುವ ದಿನ ಒಂದು ಗಂಟೆಯಾದರೂ ಬಂದು ಕೂರಲಿ, ಹೋಮ್‌ವರ್ಕ್ ಕೊಡಿ, ಪಾಪ ಎಂದು ಬಿಡಬೇಡಿ. ಓದುವ ಮಗು ಅಂದರೆ ಮುಂದೆ ನಾಳೆ ಇದೆ ಅಂದುಕೊಂಡಿರುವ ಮಗು. ಅವಳ ಅಮ್ಮನಿಗೆ "ಏನಾದ್ರೂ ಬೇಕಿದ್ರೆ ಹೇಳಿ" ಅನ್ನಬೇಡಿ, ಯಾರೂ ಹೇಳುವುದಿಲ್ಲ. "ಗುರುವಾರ ಮಧ್ಯಾಹ್ನ ಎರಡು ಗಂಟೆ ನಾನು ಇಲ್ಲಿ ಕೂರ್ತೀನಿ, ನೀವು ಸ್ನಾನ ಮಾಡಿ ಮಲಗಿ" ಅನ್ನಿ. ಗುರುವಾರ ಹೋಗಿ.